ಕಾಯಿಲೇ ಹೋಗಿದೆ

ನಮ್ಮ ಭಾವನ ಗಂಟಲಲ್ಲಿ ಇಡೀ ಬೀದಿ ವಾಸವಾಗಿತ್ತು. ಮನೆ ಮಾಲೀಕರ ಒಣಕೆಮ್ಮು, ಮೇಲ್ಮನೆಯ ಮಹಡಿಯಮ್ಮ ಮೆಟ್ಟಿಲು ಹತ್ತುವಾಗಿನ ಏದುಸಿರು, ಎಣ್ಣೆ ಕಾಣದ ಗೇಟು, ಎಲ್ಲವೂ ಬಾಡಿಗೆ ಕೊಡದೆ ಅಲ್ಲಿದ್ದವು. ಒಮ್ಮೆ ಹರಟಲು ಬಂದ ಮಾಲೀಕರು ಏಳುವ ಲಕ್ಷಣವೇ ಕಾಣದಿದ್ದಾಗ, ಭಾವ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, ಅವರ ಹೆಂಡತಿಯ ದನಿಯಲ್ಲಿ "ರೀ, ಎಲ್ಲಿ ಹಾಳಾಗಿ ಹೋದ್ರಿ? ಹಾಲು ಉಕ್ತಾ ಇದೆ!" ಎಂದು ಹಿತ್ತಲಿನಿಂದ ಕೂಗಿದರು. ಮಾಲೀಕರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದರು. ಹೆಂಡತಿ ತವರಿಗೆ ಹೋಗಿ ವಾರವಾಗಿದೆ ಎಂಬುದು ಅವರಿಗೆ ನೆನಪಾದದ್ದು ಗೇಟಿನ ಹತ್ತಿರ.

ಅಕ್ಕನನ್ನು ಕರೆಯುವಾಗ ಮಾತ್ರ ಭಾವ ಯಾರ ದನಿಯನ್ನೂ ಕಡ ತರುತ್ತಿರಲಿಲ್ಲ. "ಇವಳೇ..." ಅಷ್ಟೇ. ಕೊನೆಯ "ಳೇ" ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಮೆಲ್ಲಗೆ ಜಾರಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. "ಬಂದೆ ರೀ" ಎಂದು ಅಕ್ಕ ಒದ್ದೆಗೈ ಒರೆಸುತ್ತ ಬರುತ್ತಿದ್ದಳು.

ಹೋದ ವರ್ಷ ಭಾವನ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಆಸ್ಪತ್ರೆಯಿಂದ ಬಂದ ಮೇಲೆ, ಭಾವ ಮಿಮಿಕ್ರಿ ಮಾಡಿದ ಕಾರ್ಯಕ್ರಮಗಳ ಟೇಪುಗಳನ್ನೆಲ್ಲ ಅಕ್ಕ ಒಂದೊಂದಾಗಿ ಹಾಕಿ ಕೇಳಿದಳು. ಅವುಗಳಲ್ಲಿ ಊರಿಗೆ ಊರೇ ಇತ್ತು.

"ಎಲ್ಲಾರೂ ಸಿಕ್ಕಿದ್ರು ಕಣೋ" ಅಂದಳು ನನಗೆ. "ಇವರೊಬ್ರು ಸಿಗಲಿಲ್ಲ."

ಆದರೆ ಆ ಮನೆಯಲ್ಲಿ ಇನ್ನೊಂದು ಧ್ವನಿಪೆಟ್ಟಿಗೆ ಇತ್ತು. ಭಾವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ ಕಾಲದ ಆಂಪ್ಲಿಫೈಯರ್. ಮರದ ಪೆಟ್ಟಿಗೆ, ಬೆನ್ನು ಅರ್ಧ ತೆರೆದದ್ದು, ಒಳಗೆ ಹತ್ತಿಂಚಿನ ಒಂದೇ ಸ್ಪೀಕರ್. ಹೇಳಬೇಕಾದ್ದನ್ನು ಬರೆಯಲೆಂದು ಸ್ಲೇಟು ಬಳಪ ಕೊಟ್ಟರೆ ಭಾವ ಅದರಲ್ಲಿ ಮಹಡಿಯಮ್ಮನ ಚಿತ್ರ ಬರೆದು ವಾಪಸು ಕೊಟ್ಟರು. ಆಮೇಲೆ ಎಡಗೈ ಬೆರಳಿಗೆ ಉಕ್ಕಿನ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿದರು. ಮೊದಲು ಗೇಟು ಕಿರುಗುಟ್ಟಿತು. ಆಮೇಲೆ ಮಾಲೀಕರು ಕೆಮ್ಮಿದರು. ಆಮೇಲೆ, ಸ್ವಲ್ಪ ಹೊತ್ತು ಹುಡುಕಾಡಿ, ಮೂರು ಸ್ವರ: ಮೂರನೆಯದು ಮೆಲ್ಲಗೆ ಇಳಿಯಿತು. ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ಅಕ್ಕ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಕೈ ಒಣಗಿ ಎಷ್ಟೋ ಹೊತ್ತಾದ ಮೇಲೂ.

"ಭಾಷೆ ಹೋದ್ರೇನು, ಭಾವ ಇದ್ದಾರಲ್ಲ!" ಎಂದು ನಾನು ಹಲ್ಲುಕಿರಿದೆ. ಗಿಟಾರಿನೊಳಗಿಂದ ಮಾಲೀಕರು ಮತ್ತೆ ಕೆಮ್ಮಿದರು. ಹಳೇ ಜೋಕು, ಸಾಕು ಅಂತ ಅರ್ಥ.

ನನ್ನದು ರಿಪೇರಿ ಅಂಗಡಿ: ಆಂಪ್ಲಿಫೈಯರ್, ಸ್ಪೀಕರ್, ಮೈಕು. ದನಿ ಇದ್ದಾಗ ಭಾವ ಅಲ್ಲಿ ಬಂದು ಕೂತು, ಬೆಂಚಿನ ಮೇಲೆ ಅಂಗಾತ ಮಲಗಿದ ಸ್ಪೀಕರುಗಳನ್ನು ಡಾಕ್ಟರ ಗತ್ತಿನಲ್ಲಿ ನೋಡಿ, "ಏನಯ್ಯಾ ಭಾಮೈದ, ನಿಂದೂ ಆಸ್ಪತ್ರೇನೇ. ಇಲ್ಲಿಗೆ ಬರೋರಿಗೆಲ್ಲ ಒಂದೇ ರೋಗ, ಕಾಯಿಲೇ!" ಅನ್ನುತ್ತಿದ್ದರು. ಕಾಯಿಲ್ ಅಂದರೆ ಸ್ಪೀಕರಿನ ಹೊಟ್ಟೆಯೊಳಗಿನ ತಾಮ್ರದ ಸುರುಳಿ. ಅದು ಅಲುಗಿದರೆ ಮುಂದಿನ ಕಾಗದದ ಕೋನ್ ಅಲುಗಿ ಸದ್ದು ಬರುತ್ತದೆ. ಅದು ಸುಟ್ಟರೆ ಕೋನ್ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಈಚೆಗೆ ಒಂದು ಬೆಳಿಗ್ಗೆ ಅಕ್ಕ ಆ ಆಂಪ್ಲಿಫೈಯರನ್ನು ಹೊದಿಕೆಯಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು, ಏದುತ್ತ ಅಂಗಡಿಗೆ ಬಂದಳು.

"ಮೊದಲು ಕರ್‌ ಕರ್‌ ಅಂತಿತ್ತು. ನಿನ್ನೆಯಿಂದ ಉಸಿರೇ ಇಲ್ಲ. ನಿನ್ನ ಭಾವ ಗಿಟಾರನ್ನ ಗೋಡೆಗೆ ಮುಖ ಮಾಡಿ ಇಟ್ಟಿದ್ದಾರೆ."

"ನೋಡ್ತೀನಿ ಅಕ್ಕ."

"ನೋಡ್ತೀನಿ ಅಲ್ಲ, ಮಾಡು. ಅದೊಂದು ಕರೆ ಇಲ್ದೆ ನಂಗೆ ಆ ಮನೇಲಿ ನಾನೇ ಇಲ್ಲ ಅನ್ಸತ್ತೆ ಕಣೋ." ಬಾಗಿಲ ತನಕ ಹೋದವಳು ತಿರುಗಿದಳು. "ನಾಳೆ ಆಸ್ಪತ್ರೆಗೂ ನೀನೇ ಹೋಗ್ಬೇಕು. ನಾನು ಇವರನ್ನ ಬಿಟ್ಟು ಬರಲ್ಲ."

ಭಾವನ ಕತ್ತಿನಲ್ಲಿ ಮತ್ತೆ ಒಂದು ಊತ ಎದ್ದಿತ್ತು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು.

ಮರುದಿನ ಡಾಕ್ಟರು ನನ್ನನ್ನು ಕೂರಿಸಿ, ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಶುಭ್ರವಾಗಿಯೇ ಇತ್ತು. "ಹರಡಿದೆ" ಅಂದರು. "ಇನ್ನು ಕುಯ್ಯೋ ಹಾಗಿಲ್ಲ. ನೋವಾಗದ ಹಾಗೆ ನೋಡ್ಕೋಬಹುದು, ಅಷ್ಟೇ."

"ಎಷ್ಟು ತಿಂಗಳು, ಡಾಕ್ಟ್ರೇ?"

ಅವರು ಮತ್ತೆ ಕನ್ನಡಕ ಒರೆಸಿದರು. "ತಿಂಗಳು ಅಂತ ಇಟ್ಕೋಬೇಡಿ."

ಅಲ್ಲಿಂದ ನೇರ ಅಕ್ಕನ ಮನೆಗೆ ಹೋಗಬೇಕಿತ್ತು. ಕಾಲು ಅಂಗಡಿಗೆ ಹೋಯಿತು. ಬಾಯಿ ತೆರೆಯಲಾಗದವನು ಪೆಟ್ಟಿಗೆ ತೆರೆದೆ. ಸ್ಪೀಕರಿನ ಎರಡು ತುದಿಗೆ ಮೀಟರ್ ಇಟ್ಟೆ, ಮುಳ್ಳು ಅಲುಗಲಿಲ್ಲ. ಕೋನನ್ನು ಎರಡು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದೆ. ಒಳಗೆ ಕರ್‌ ಅಂದಿತು. ಸುರುಳಿ ಸುಟ್ಟು, ಕಿತ್ತು, ಒಳಗೇ ಉಜ್ಜುತ್ತಿತ್ತು.

ಆಗ ಫೋನ್ ಬಂತು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣ ಕುಯ್ಯುತ್ತಿದ್ದ. ನಾನು ಒಂದು ಕಿವಿ ಮುಚ್ಚಿಕೊಂಡೆ.

"ಏನಾಯ್ತೋ? ಹೇಳೋ!" ಅಕ್ಕ.

ಡಾಕ್ಟರ ಮಾತು ಫೋನಿನಲ್ಲಿ ಹೇಳುವಂಥದ್ದಲ್ಲ, ಸದ್ಯಕ್ಕೆ ಪೆಟ್ಟಿಗೆಯ ಮಾತಾಡೋಣ ಅಂದುಕೊಂಡೆ. "ಕಾಯಿಲೇ ಹೋಗಿದೆ ಅಕ್ಕ" ಅಂದೆ.

ಆ ಕಡೆಯಿಂದ ಸಣ್ಣ ದನಿ: "ಹೋಗಿದ್ಯಾ? ಪೂರ್ತಿ?"

"ಪೂರ್ತಿ ಹೋಗಿದೆ."

ಅಕ್ಕ ಅತ್ತ ಹಾಗೆ ಕೇಳಿಸಿತು. ಕಬ್ಬಿಣದ ಸದ್ದು ಜೋರಾಯಿತು, ಫೋನ್ ಕಡಿಯಿತು. ಒಂದು ಸ್ಪೀಕರಿಗೇ ಹೀಗೆ ಅಳುವವಳಿಗೆ ಉಳಿದದ್ದನ್ನು ಹೇಗೆ ಹೇಳುವುದು ಎಂದು ನಾನು ಬೆಂಚಿನ ಮೇಲೆ ತಲೆ ಇಟ್ಟೆ.

ಸ್ಪೀಕರ್ ಹುಡುಕುವುದು ಸಂಬಂಧ ಹುಡುಕಿದ ಹಾಗೆ. ಅಳತೆ ಕೂಡಿಬಂದರೆ ಸಾಲದು. ಪೆಟ್ಟಿಗೆಯ ಬೆನ್ನಿನಲ್ಲಿ ಮಾಸಿದ ಅಂಕಿ ಎಂಟು ಓಮ್ ಅನ್ನುತ್ತಿತ್ತು. ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆ. ಎಂಟಕ್ಕೆ ಒಗ್ಗಿದ ಈ ಆಂಪ್ಲಿಫೈಯರಿಗೆ ನಾಲ್ಕರದ್ದು ಕಟ್ಟಿದರೆ ಅದು ಮೈಮೇಲೆ ಖಬರಿಲ್ಲದೆ ದುಡಿದು ತಾನೇ ಸುಟ್ಟುಕೊಳ್ಳುತ್ತದೆ, ಹದಿನಾರರದ್ದಾದರೆ ಪಿಸುಗುಡುತ್ತದೆ. ಎದುರುತ್ತರ ಹದವಾಗಿರಬೇಕು. ಮ್ಯಾಗ್ನೆಟ್ ದಪ್ಪವಾದರೆ ಒಳಗಿನ ಟ್ರಾನ್ಸ್‌ಫಾರ್ಮರಿಗೆ ತಗಲುತ್ತದೆ, ಪೆಟ್ಟಿಗೆಗೂ ಪೆಟ್ಟು. ಜತೆಗೆ ಆಂಪ್ಲಿಫೈಯರ್ ಕೊಡುವ ಶಕ್ತಿಯನ್ನು ತಾಳಿಕೊಳ್ಳಬೇಕು, ತಾಳಿಕೆಯಿಲ್ಲದೆ ತಾಳವಿಲ್ಲ.

ಬಿಡಿಭಾಗದ ಅಂಗಡಿಯವನು ಒಂದು ಹೊಳೆಯುವ ಸ್ಪೀಕರ್ ಮುಂದಿಟ್ಟ. "ಇದನ್ನ ತಗೊಳ್ಳಿ ಸಾರ್. ಸಭೆಗೆ ಸಭೇನೇ ಎದ್ದು ಕೂರ್ಬೇಕು, ಅಷ್ಟು ಜೋರು."

"ಜೋರು ಬೇಡ. ಭಾವ ಬೇಕು."

ಅವನಿಗೆ ಏನು ಅರ್ಥವಾಯಿತೋ, ಒಳಗಿಂದ ಇನ್ನೊಂದು ತಂದ. ಹತ್ತಿಂಚು, ಎಂಟು ಓಮ್, ಮ್ಯಾಗ್ನೆಟ್ ಗಿಡ್ಡ, ಹಳೆಯದರ ಹಾಗೇ ತೆಳ್ಳನೆ ಕಾಗದದ ಕೋನ್. ತಾಳಿಕೆ ಹಳೆಯದಕ್ಕಿಂತ ಒಂದು ಕೈ ಮೇಲೆ. ಎಲ್ಲ ಕೂಡಿತು. ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಹೊತ್ತು ಅಕ್ಕನ ಮನೆಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತ, ಬಿಚ್ಚುತ್ತ.

ಗೇಟಿನಲ್ಲೇ ಮಹಡಿಯಮ್ಮ ನನ್ನ ತೋಳು ಹಿಡಿದುಕೊಂಡರು. "ಒಳ್ಳೇ ಸುದ್ದಿ ತಂದೆಯಪ್ಪಾ, ನಿನ್ನ ಹೊಟ್ಟೆ ತಣ್ಣಗಿರ್ಲಿ!" ನನಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಬಾಗಿಲು ತೆರೆದಳು. ತಲೆ ಸ್ನಾನ ಮಾಡಿ, ಇಸ್ತ್ರಿಯ ಸೀರೆ ಉಟ್ಟಿದ್ದಳು. ನನ್ನ ಬಾಯಿಗೆ ಒಂದು ಚಮಚ ಸಕ್ಕರೆ ಸುರಿದಳು.

"ನೀನು ಹೇಳಿದ್ದನ್ನ ಅಕ್ಷರ ಬಿಡದೆ ಇವರಿಗೆ ಹೇಳ್ದೆ ಕಣೋ. 'ಕಾಯಿಲೆ ಹೋಗಿದೆ ಅಕ್ಕ, ಪೂರ್ತಿ ಹೋಗಿದೆ' ಅಂತ. ನೋಡು, ಇವರಿಗೆ ನಂಬಿಕೇನೇ ಇಲ್ಲ. ಆಗಿನಿಂದ ಹಾಗೇ ಕೂತಿದ್ದಾರೆ."

ಬಾಯಲ್ಲಿ ಸಕ್ಕರೆ ಕರಗಲಿಲ್ಲ. ಹುಟ್ಟಿದಾಗಿನಿಂದ ಮಾತನ್ನು ತಿರುಚಿ ನಗಿಸುತ್ತಿದ್ದವನನ್ನು ಮಾತು ತಿರುಗಿ ಬಂದು ಕಚ್ಚಿತ್ತು.

ಮಂಚದ ಅಂಚಿನಲ್ಲಿ ಕೂತ ಭಾವ ನನ್ನನ್ನೇ ನೋಡುತ್ತಿದ್ದರು. "ಪಾಯಸಕ್ಕೆ ಇಟ್ಟಿದ್ದೀನಿ, ಅಡಿ ಹಿಡಿಯತ್ತೆ" ಎಂದು ಅಕ್ಕ ಒಳಗೆ ಓಡಿದಳು. ನಾನು ನೆಲದ ಮೇಲೆ ಕೂತು, ತಲೆ ಎತ್ತದೆ ಕೆಲಸ ಶುರುಮಾಡಿದೆ. ಹೊಸ ಸ್ಪೀಕರನ್ನು ಕೂರಿಸಿ, ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿದೆ. ಒಂದೇ ಕಡೆ ಬಿಗಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಹಳೆಯದನ್ನು ಪಕ್ಕದಲ್ಲಿ ಕವುಚಿಟ್ಟೆ. ಸ್ವಿಚ್ ಹಾಕಿದೆ.

ಭಾವ ಗಿಟಾರನ್ನು ಗೋಡೆಯಿಂದ ತಿರುಗಿಸಿ ತೊಡೆಗೆ ಎಳೆದುಕೊಂಡರು. ಬಹಳ ಸಣ್ಣಗೆ ಮೂರು ಸ್ವರ ನುಡಿಸಿದರು. ಅಕ್ಕನನ್ನು ಕರೆದರು ಅಂದುಕೊಂಡೆ. ಆದರೆ ಕೊನೆಯದು ಇಳಿಯಲಿಲ್ಲ. ಮೇಲೇರಿತು, ಪ್ರಶ್ನೆಯ ಹಾಗೆ.

ಕಾ-ಯಿ-ಲೇ?

ನಾನು ಸ್ಕ್ರೂಡ್ರೈವರಿನ ತುದಿಯನ್ನು ಹಳೆಯ ಸ್ಪೀಕರಿನ ಕಡೆ ತೋರಿಸಿ ಹೌದೆಂದು ತಲೆಯಾಡಿಸಿದೆ. ಭಾವ ಬೆರಳಿಂದ ತಮ್ಮ ಕತ್ತು ಮುಟ್ಟಿ ಹುಬ್ಬೇರಿಸಿದರು. ಅದಕ್ಕೆ ತಲೆ ಅಲ್ಲಾಡಿಸಲೂ ನನ್ನ ಕೈಲಾಗಲಿಲ್ಲ. ಅವರಿಗೆ ಅಷ್ಟೇ ಸಾಕಾಯಿತು. ಗಿಟಾರಿನೊಳಗಿಂದ ಮಾಲೀಕರು ಕೆಮ್ಮಿದರು. ಹಳೇ ಜೋಕು, ಸಾಕು.

"ಏನು, ಇಬ್ಬರೂ ನನ್ನ ಬಿಟ್ಟು ಹರಟೆ?" ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಮೊದಲು ನನ್ನ ಕರೀರಿ."

ಭಾವ ಕರೆದರು. ಸ್ವರ ಮೂರೂ ಸರಿ, ಜಾಗವೂ ಸರಿ. ಆದರೆ "ಳೇ" ಇಳಿಜಾರಿನ ಅರ್ಧದಲ್ಲೇ ಬ್ರೇಕ್ ಹಿಡಿದ ಹಾಗೆ ನಿಂತುಬಿಟ್ಟಿತು. ಅಕ್ಕನ ಮುಖ ಸ್ವಲ್ಪ ಸಪ್ಪಗಾಯಿತು.

"ಇದು ಇವರ ಗಂಟಲಲ್ಲ ಕಣೋ. ಯಾರೋ ಇವರ ಮಿಮಿಕ್ರಿ ಮಾಡಿದ ಹಾಗಿದೆ."

ಎಲ್ಲ ಗಿರಾಕಿಗಳಿಗೂ ಹೇಳುವ ಮಾತು ತಾನಾಗೇ ಬಾಯಿಂದ ಬಿತ್ತು. "ಹೊಸ ಕೋನ್ ಬಿಗಿಯಾಗಿರತ್ತೆ ಅಕ್ಕ. ನುಡಿಸ್ತಾ ನುಡಿಸ್ತಾ ಪಳಗತ್ತೆ. ತಿಂಗಳುಗಟ್ಟಲೆ ಹಿಡಿಯತ್ತೆ."

"ಬೇಕಾದ್ರೆ ವರ್ಷ ಹಿಡೀಲಿ ಬಿಡೋ" ಅಂದಳು ಅಕ್ಕ. "ಕಾಯಿಲೆ ಹೋಯ್ತಲ್ಲ, ಇನ್ನೇನು ಅವಸರ ಇವರಿಗೆ?"

ನಾನು ಬಿಗಿದ ಸ್ಕ್ರೂವನ್ನೇ ಮತ್ತೆ ಬಿಗಿಯತೊಡಗಿದೆ. ಭಾವ ಕೈಚಾಚಿ ಅಕ್ಕನನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡರು. ಕೊಳವೆ ತಂತಿಯ ಮೇಲೆ ಜಾರಿತು. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ಕೊನೆಯ ಅಕ್ಷರ ನುಂಗಿ: ಕಾಯಿಲೇ ಹೋಗಿದೆ ಅಕ್ಕ.

ಅಕ್ಕ ಕಿಲಕಿಲ ನಕ್ಕಳು. "ಥೇಟ್ ಇವನೇ ರೀ! ಫೋನಲ್ಲೂ ಹೀಗೇ ಮೂಗಲ್ಲಿ ಅಂದ!"

ಭಾವ ನಗಲಿಲ್ಲ. ಹಳೆಯ ಸ್ಪೀಕರನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ಸರಿಸಿ, ಅದೇ ಮಾತನ್ನು ಇನ್ನೊಮ್ಮೆ ನುಡಿಸಿದರು. ನಗು ಅವಳ ಮುಖದಲ್ಲಿ ಇನ್ನೂ ಇತ್ತು, ಹೊರಟುಹೋದ ಅತಿಥಿಯ ಚಪ್ಪಲಿಯ ಗುರುತಿನ ಹಾಗೆ. ಅವಳು ಸ್ಪೀಕರ್ ನೋಡಿದಳು. ಭಾವನನ್ನು ನೋಡಿದಳು. ಕೊನೆಗೆ ನನ್ನನ್ನು.

"ಕಾಯಿಲ್ ಅಂದ್ರೆ ಏನೋ?"

"ಇದರೊಳಗಿನ ತಂತಿ ಸುರುಳಿ ಅಕ್ಕ. ಸುಟ್ಟುಹೋಗಿತ್ತು. ನಾನು ಅದನ್ನ ಹೇಳಿದ್ದು."

"ಡಾಕ್ಟ್ರು?"

"ಹರಡಿದೆ ಅಂದ್ರು. ಇನ್ನು ಏನೂ ಮಾಡೋ ಹಾಗಿಲ್ಲ ಅಂದ್ರು."

ಒಳಗೆ ಪಾಯಸ ಅಡಿ ಹಿಡಿದ ವಾಸನೆ ಬಂತು. ಯಾರೂ ಏಳಲಿಲ್ಲ. ಅಕ್ಕ ಹಳೆಯ ಸ್ಪೀಕರನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಕಾಗದವನ್ನು ಹೆಬ್ಬೆರಳಿಂದ ಒತ್ತಿದಳು. ಕರ್‌ ಅಂದಿತು. ಮತ್ತೆ ಒತ್ತಿದಳು. ಭಾವ ಅವಳ ಬೆನ್ನ ಮೇಲೆ ಕೈ ಇಟ್ಟರು. ಬೆರಳಿನಲ್ಲಿ ಕೊಳವೆ ಇನ್ನೂ ಇತ್ತು. ತಣ್ಣಗೆ ತಗಲಿತೇನೋ, ಅವಳು ಬೆಚ್ಚಿದಳು. ಆಗಲೇ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಎಷ್ಟು ನುಡಿಸಿದ್ರೆ ಪಳಗತ್ತೆ ಅಂದೆ?"

"ಹೆಚ್ಚೆಚ್ಚು ನುಡಿಸಿದ್ರೆ ಬೇಗ ಅಕ್ಕ."

ಅವಳು ಸೀರೆ ಕೊಡವಿಕೊಂಡು ಎದ್ದಳು. "ಹಾಗಾದ್ರೆ ಸುಮ್ನೆ ಕೂರಬೇಡಿ ರೀ, ಕರೀತಾ ಇರಿ. ನಾನು ಒಳಗಿರ್ತೀನಿ. ಮುಂದೇನೇ ನಿಂತಿರೋರನ್ನ ಯಾರು ಕರೀತಾರೆ?"

ಅಡುಗೆಮನೆಯಲ್ಲಿ ಸೀದ ಪಾತ್ರೆಗೆ ನೀರು ಬಿಟ್ಟ ಸದ್ದಾಯಿತು. ಭಾವ ಕರೆದರು. ಅಕ್ಕ ಕೈ ಒರೆಸುತ್ತ ಬಾಗಿಲಿಗೆ ಬಂದಳು, ಅವರನ್ನು ನೋಡಿ ಒಳಗೆ ಹೋದಳು. ಮತ್ತೆ ಕರೆದರು. ಮತ್ತೆ ಬಂದಳು. ನಾನು ಸಾಮಾನು ಚೀಲಕ್ಕೆ ತುಂಬಿಕೊಂಡೆ. ಹಳೆಯ ಸ್ಪೀಕರ್ ಮಂಚದ ಮೇಲೆ ಅವಳು ಕೂತಿದ್ದ ಜಾಗದಲ್ಲಿತ್ತು, ಅಲ್ಲೇ ಬಿಟ್ಟೆ.

ಗೇಟಿನ ಹೊರಗೂ ಕೇಳುತ್ತಿತ್ತು. ಬಿಗಿ ಗಂಟಲಿನ "ಇವಳೇ", ಅದರ ಹಿಂದೆಯೇ ಅಕ್ಕನ "ಬಂದೆ ರೀ".