ನಾಲ್ಕು ಮೊಹರು, ಒಂದು ಜೀಪು

"ಇವಳು ಕೂತ್ರೆ ಕುರ್ಚಿಗೇ ನೋವು" ಅಂತ ನಮ್ಮತ್ತೆ ನನ್ನ ಬಗ್ಗೆ ಹೇಳ್ತಾರೆ. ಅವತ್ತು ಬೆಳಿಗ್ಗೆ ಅದು ಪೂರ್ತಿ ನಿಜ. ತಿಂಡಿ ತಟ್ಟೆ ಹಿಡ್ಕೊಂಡು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ನಾಲ್ಕು ಸಲ ನಡೆದೆ. ನನ್ನ ಗಂಡ ಅಂಗಿಗೆ ಇಸ್ತ್ರಿ ಹಾಕ್ತಾ, "ಮಾರಾಯ್ತಿ, ಇವತ್ತು ಒಂದು ದಿನ ಬಾಯಿಗೆ ಬೀಗ ಹಾಕ್ಕೋ. ನಿಮ್ಮ ಸಾಹೇಬ್ರು ಹೇಳಿದ ಹಾಗೆ ಕೇಳು" ಅಂದರು.

"ಬೀಗ ಹಾಕ್ಕೊಂಡ್ರೆ ಆ ಚಾಪೆ ಹೆಣೆಯೋ ಅಕ್ಕನ ಬಾಯಿಗೆ ಮಣ್ಣು ಬೀಳುತ್ತೆ, ಗೊತ್ತಾ?" ಅಂದೆ. ಅವರು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಅಂಗಿ ತೊಟ್ಟರು.

ವಿಷಯ ಇಷ್ಟೇ. ನಾನು ಸಂರಕ್ಷಣಾ ಮಂಡಳಿಯಲ್ಲಿ ಹದಿನೇಳು ವರ್ಷದಿಂದ ಇದ್ದೀನಿ. ಕೆರೆ, ಜೌಗು, ಹಳ್ಳ, ಇವೆಲ್ಲ ಎಲ್ಲೆಲ್ಲಿವೆ ಅಂತ ನೋಡಿ ನಕ್ಷೆಯಲ್ಲಿ ಗುರುತು ಹಾಕೋದು ನನ್ನ ಕೆಲಸ. ಪ್ರಾಂತ್ಯದ ಯೋಜನಾ ಕಚೇರಿಯವರು ರಸ್ತೆ, ಬಡಾವಣೆ, ಮಾರುಕಟ್ಟೆ ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡ್ತಾರೆ. ಮುಂಚೆ ಅವರು ರಸ್ತೆ ಹಾಕಿ ಮುಗಿಸಿದ ಮೇಲೆ ನಮ್ಮ ಅಭಿಪ್ರಾಯ ಕೇಳಿ ಪತ್ರ ಬರೀತಿದ್ದರು. ಕೂಸು ಹುಟ್ಟಿ ಶಾಲೆಗೆ ಹೋಗೋ ಹೊತ್ತಿಗೆ ಬಸಿರಾಗಲಾ ಅಂತ ಕೇಳಿದ ಹಾಗೆ. ನಮ್ಮ ನಿರ್ದೇಶಕರು ಒಂಬತ್ತು ವರ್ಷ ಅವರ ಬಾಗಿಲು ಸವೆಸಿ, ಕೊನೆಗೂ ಅವರ ಯೋಜನಾ ಸಮಿತಿಯಲ್ಲಿ ನಮಗೊಂದು ಕುರ್ಚಿ ಗಿಟ್ಟಿಸಿದ್ದರು. ಜೊತೆಗೆ ಒಂದು ಮಾತು: ನಮ್ಮ ನಕ್ಷೆಯಲ್ಲಿ ಗುರುತು ಇರೋ ನಲವತ್ತೆರಡು ಜಾಗದಲ್ಲಿ ಯಾರೂ ಒಂದು ಇಟ್ಟಿಗೆ ಇಡಬಾರದು. ಅವತ್ತು ಆ ನಕ್ಷೆಗೆ ಕೊನೇ ಸಹಿ ಬೀಳೋದಿತ್ತು.

ಆ ನಕ್ಷೆಯಲ್ಲಿ ಒಂದು ತಪ್ಪಿತ್ತು, ಅದು ನನ್ನದೇ.

ಗೊತ್ತಾಗಿದ್ದು ಮೂರು ದಿನದ ಹಿಂದೆ. ಚಾಪೆ ಹೆಣೆಯೋರ ಸಂಘದ ಅಕ್ಕ ಕಚೇರಿಗೆ ಬಂದಿದ್ದಳು. ಮೊಣಕಾಲವರೆಗೂ ಕೆಸರು, ಕೈಯಲ್ಲಿ ಬಿಳಿ ಬಣ್ಣ ಬಳಿದ ಮರದ ಗೂಟ.

"ಮೇಡಂ, ನನ್ನ ಜೊಂಡಿನ ನೀರೊಳಗೆ ಯಾರೋ ಇದನ್ನ ನೆಟ್ಟು ಹೋಗಿದ್ದಾರೆ. ಲಾರಿ ನಿಲ್ದಾಣ ಬರುತ್ತಂತೆ. ನೀವು ನಮ್ಮ ಜಾಗ ನಕ್ಷೇಲಿದೆ ಅಂದಿದ್ರಲ್ವಾ?"

ಅಂದಿದ್ದೆ. ಜಾಗ ನಕ್ಷೆಗೆ ಸೇರಿಸೋ ಒಪ್ಪಿಗೆ ಪತ್ರ ಮುಂದಿಟ್ಟು, "ಸಹಿ ಹಾಕಕ್ಕ, ನಾನಿದ್ದೀನಿ" ಅಂತ ಅವಳ ಬೆನ್ನು ತಟ್ಟಿ ಹೇಳಿದ್ದೆ. ನಕ್ಷೆ ಬಿಚ್ಚಿ ನೋಡಿದೆ. ನಾನು ಗುರುತು ಹಾಕಿದ್ದು ಜೊಂಡಿನ ಆಚೆಗಿನ ಹೊಂಡಕ್ಕೆ. ಜೊಂಡು ಬೆಳೆಯೋ ಜಾಗದ ಮೇಲೆ ನನ್ನದೇ ಅಕ್ಷರದಲ್ಲಿ "ಒಣ ಬಯಲು" ಅಂತಿತ್ತು. ಅಯ್ಯೋ ನನ್ನ ಕರ್ಮವೇ!

ನಮಗೆ ಜೀಪು ಸಿಗೋದು ವರ್ಷಕ್ಕೊಂದೇ ಸಲ, ಸುಡುಬಿಸಿಲಲ್ಲಿ, ಬೇರೆ ಇಲಾಖೆಗೆ ಬೇಡವಾದಾಗ. ನೀರಿನ ಜಾಗಗಳನ್ನ ನೀರಿಲ್ಲದ ತಿಂಗಳಲ್ಲಿ ನೋಡಿ ಬರೋದು ನಮ್ಮ ಹಳೇ ರೂಢಿ. ಸಾಲದ್ದಕ್ಕೆ ಈ ಸಲ "ಪಾಲುದಾರರ ಜಂಟಿ ಸಮೀಕ್ಷೆ" ಬೇರೆ. ನಾಲ್ಕು ಇಲಾಖೆ ಬೇರೆಬೇರೆಯಾಗಿ ಪರಿಶೀಲಿಸಬೇಕು ಅಂತ ನಿಯಮ. ನಾವು ಮಾಡಿದ್ದೇನು? ನಾಲ್ಕೂ ಜನ ಒಂದೇ ಜೀಪಲ್ಲಿ ತೊಡೆಗೆ ತೊಡೆ ತಾಗಿಸ್ಕೊಂಡು ಹನ್ನೊಂದು ದಿನದಲ್ಲಿ ನಲವತ್ತೆರಡು ಜಾಗ ಮುಗಿಸಿದೆವು. ಅಕ್ಕನ ಜಾಗಕ್ಕೆ ಹೋದಾಗ ಜೊಂಡು ಕೊಯ್ದಾಗಿತ್ತು, ನೆಲ ಬಿರುಕು ಬಿಟ್ಟಿತ್ತು. ಡ್ರೈವರು, "ಇಳೀತೀರಾ ಮೇಡಂ?" ಅಂತ ಕೇಳಿದ. ಬಿಸಿಲಿಗೆ ತಲೆ ಸಿಡೀತಿತ್ತು. "ಬೇಡ ನಡಿ, ಕಾಣುತ್ತಲ್ಲ" ಅಂದುಬಿಟ್ಟೆ. ನಾನು "ಒಣ ಬಯಲು" ಅಂತ ಬರೆದೆ. ರಸ್ತೆ ಇಂಜಿನಿಯರು ನನ್ನ ಹಾಳೆ ನೋಡಿ ಬರೆದರು, ನೀರಿನ ಇಲಾಖೆಯವರು ಅವರದ್ದು ನೋಡಿ ಬರೆದರು, ಯೋಜನಾ ಕಚೇರಿ ಗುಮಾಸ್ತರು ಮೂವರದ್ದೂ ನೋಡಿ ಬರೆದರು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಹಾಳೆ ಮೇಲೆ ನೋಡಿದರೆ ನಾಲ್ಕು ಮೊಹರು, ಭಾರೀ ಗಟ್ಟಿ ದಾಖಲೆ.

ಅಕ್ಕ ಗೂಟ ತಂದ ದಿನವೇ ನಿರ್ದೇಶಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನೋಡಮ್ಮ, ಒಂದು ಜಾಗ ತಪ್ಪು ಅಂತ ನಾವೇ ಹೇಳಿದರೆ, ಉಳಿದ ನಲವತ್ತೊಂದು ಸರಿ ಅಂತ ಯಾರು ನಂಬ್ತಾರೆ? ರಸ್ತೆಯವರು ಇದಕ್ಕೇ ಕಾಯ್ತಿದ್ದಾರೆ. ಸಹಿ ಮುಗೀಲಿ. ಆಮೇಲೆ ಅಕ್ಕನಿಗೆ ಬೇರೆ ಕಡೆ ಏನಾದರೂ ನೋಡೋಣ."

"ಜೊಂಡು ಬೇರೆ ಕಡೆ ಬೆಳೆಯಲ್ಲ ಸಾರ್."

"ನನಗೂ ಗೊತ್ತು" ಅಂದರು.

ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ. ಮೂರು ರಾತ್ರಿ ಅದೇ ಲೆಕ್ಕ ನನ್ನ ತಲೆ ತಿಂತು.

ಸಭೆ ಹನ್ನೊಂದಕ್ಕೆ. ಉದ್ದನೆ ಮೇಜು, ಎಲ್ಲರ ಮುಂದೂ ನೀರಿನ ಬಾಟಲಿ, ಗೋಡೆ ತುಂಬ ನಕ್ಷೆ. ಅಕ್ಕನೂ ಪಾಲುದಾರಳೇ ಆದ್ದರಿಂದ ಅವಳನ್ನೂ ಕರೆದಿದ್ದರು. ಆದರೆ ಕುರ್ಚಿ ಹಾಕಿದ್ದು ಬಾಗಿಲ ಹತ್ತಿರ, ಮೈಕಿನ ತಂತಿ ಅಲ್ಲೀತನಕ ಹೋಗಲ್ಲ. ಒಗೆದ ಸೀರೆ ಉಟ್ಟು, ಕೈ ಕಟ್ಟಿ ನನ್ನನ್ನೇ ನೋಡ್ತಾ ಕೂತಿದ್ದಳು. ಆ ನೋಟಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿ ಇತ್ತು.

ಒಂದು ಸಲ ಎದ್ದು ಕಿಟಕಿ ತೆಗೆದೆ. ಇನ್ನೊಂದು ಸಲ ಎದ್ದು ಮುಚ್ಚಿದೆ. ಬಾಟಲಿ ಮುಚ್ಚಳ ತಿರುವಿ ತಿರುವಿ ಅದು ಜಾರಿ ರಸ್ತೆ ಇಂಜಿನಿಯರ ಕಾಲಡಿ ಹೋಯಿತು. ಅವರು ಬಗ್ಗಿ ಎತ್ತಿಕೊಟ್ಟು, "ಯಾಕ್ರೀ, ಇರುವೆ ಕಚ್ತಾ ಇದೆಯಾ?" ಅಂತ ನಕ್ಕರು. ನಿರ್ದೇಶಕರು ಮೇಜಿನ ಕೆಳಗೆ ನನ್ನ ಕೈ ಒತ್ತಿ ಹಿಡಿದರು.

ಸಮಿತಿ ಅಧ್ಯಕ್ಷೆ ಗಟ್ಟಿ ಹೆಂಗಸು. ಪೆನ್ನು ಬಿಚ್ಚಿ, "ಸಂರಕ್ಷಣಾ ಮಂಡಳಿಯಿಂದ ಏನೂ ತಕರಾರಿಲ್ಲ ತಾನೇ?" ಅಂದರು.

"ಇಲ್ಲ" ಅಂದರು ನಿರ್ದೇಶಕರು.

"ಇದೆ" ಅಂದೆ ನಾನು.

ಆಮೇಲೆ ನಿಲ್ಲಿಸೋಕಾಗಲಿಲ್ಲ. ಬಿಸಿಲು, ಜೀಪು, ನಾನು ಇಳಿಯದೇ ಇದ್ದದ್ದು, ಒಬ್ಬರದ್ದು ಒಬ್ಬರು ನೋಡಿ ಬರೆದದ್ದು, ಎಲ್ಲ ಕಕ್ಕಿಬಿಟ್ಟೆ. ನೀರಿನ ಇಲಾಖೆಯವರು ಕೆಮ್ಮಿದರು. ರಸ್ತೆ ಇಂಜಿನಿಯರ ನಗು ಬತ್ತಿತು. ಬಾಗಿಲ ಹತ್ತಿರ ಅಕ್ಕ ಎದ್ದು ನಿಂತಿದ್ದಳು.

ಅಧ್ಯಕ್ಷೆ ಗದರಲಿಲ್ಲ. ನಿಧಾನಕ್ಕೆ ಕೇಳಿದರು: "ಉಳಿದ ನಲವತ್ತೊಂದು ಜಾಗಕ್ಕೂ ಇದೇ ಜೀಪಲ್ಲಿ ಹೋಗಿದ್ರಾ?"

"ಹೌದು."

"ಎಷ್ಟು ಕಡೆ ಇಳಿದಿರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೇ ಬಂದಿತ್ತು. "ಒಂಬತ್ತು ಹತ್ತು ಕಡೆ" ಅಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಜೊಂಡಿನ ಜಾಗದಿಂದ ಲಾರಿ ನಿಲ್ದಾಣ ತೆಗೆಯಿರಿ, ನೀರಲ್ಲಿ ಗೂಟ ನೆಟ್ಟಿದ್ದು ನಾಚಿಕೆಗೇಡು. ಉಳಿದ ನಲವತ್ತೊಂದರ ಗುರುತು ಹೊಸ ಸಮೀಕ್ಷೆ ಆಗೋವರೆಗೂ ರದ್ದು. ಅಲ್ಲೀತನಕ ಆ ಜಾಗಗಳ ಅರ್ಜಿ ಬಂದರೆ ಮಾಮೂಲಿನಂತೆ ನೋಡೋಣ."

ಮಾಮೂಲಿನಂತೆ ಅಂದರೆ ಮೊದಲು ಕಟ್ಟೋದು, ಆಮೇಲೆ ನಮ್ಮನ್ನ ಕೇಳೋದು ಅಂತ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ರಸ್ತೆ ಇಂಜಿನಿಯರು ಆಗಲೇ ಫೋನು ತೆಗೆದಿದ್ದರು.

ಹೊರಗೆ ಮೊಗಸಾಲೆಯಲ್ಲಿ ನಿರ್ದೇಶಕರು ನನ್ನ ಪಕ್ಕ ಹಾದುಹೋಗ್ತಾ ನಿಂತರು. "ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸ್ತು ಅನ್ನೋಣ ಅನ್ಕೊಂಡೆ. ಆದರೆ ನೀನು ಹೇಳಿದ್ದೆಲ್ಲ ನಿಜ. ಏನು ಅನ್ನಲಿ?" ಬೈದಿದ್ದರೆ ತಿರುಗಿ ಜಗಳವಾಡ್ತಿದ್ದೆ. ಮೆಟ್ಟಿಲು ಇಳಿದು ಹೋದರು.

ಅಕ್ಕ ಓಡಿ ಬಂದು ನನ್ನ ಎರಡೂ ಕೈ ಹಿಡಿದಳು. "ತಂಗೀ, ಉಳೀತಲ್ವಾ? ನಂದು ಉಳೀತಲ್ವಾ?" ಅವಳ ಬಾಯಲ್ಲಿ ಮೇಡಂ ಹೋಗಿ ತಂಗಿ ಬಂದಿತ್ತು.

"ಉಳೀತಕ್ಕ."

"ಮತ್ಯಾಕೆ ಮುಖ ಹೀಗೆ?"

ಹೇಳಿದೆ. ಅವಳು ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು.

"ಆ ನಲವತ್ತೊಂದರಲ್ಲೂ ನನ್ನಂಥೋರು ಇರ್ತಾರಲ್ವಾ? ಅವರಿಗೂ ಸಹಿ ಹಾಕಿ, ನಾನಿದ್ದೀನಿ ಅಂದಿದ್ಯಾ?"

"ಅಂದಿದ್ದೆ."

"ಹಂಗಾದ್ರೆ ನೀನೇ ಹೇಳ್ಬೇಕು. ಗೂಟ ನೋಡಿ ಗೊತ್ತಾಗಬಾರದು. ನಂಗೆ ಹಂಗೇ ಗೊತ್ತಾಗಿದ್ದು. ಆ ಸಂಕಟ ಬೇಡ ಯಾರಿಗೂ." ಅಷ್ಟು ಹೇಳಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಳು, ಮನೆಗೆ ಹೋಗಲಿಲ್ಲ.

ಪಟ್ಟಿ ತೆಗೆದೆ. ಮೊದಲನೇದು ದೊಡ್ಡ ಕೆರೆ, ಮೀನುಗಾರರ ಸಂಘ. ಅಲ್ಲಿಯ ಯಜಮಾನರಿಗೆ ಎಪ್ಪತ್ತು ದಾಟಿದೆ, ನಾನು ಅವರನ್ನ ತಾತ ಅಂತಲೇ ಕರೆಯೋದು. ಕೂತು ಮಾತಾಡೋಣ ಅಂದ್ರೆ ಕಾಲು ಕೇಳಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ನಡೀತಾ ನಂಬರು ಒತ್ತಿದೆ. ಎರಡು ಸಲ ತಪ್ಪು ಒತ್ತಿ ಕತ್ತರಿಸಿದೆ. ಮೂರನೇ ಸಲ ಅವರೇ ಎತ್ತಿದರು. ಹಿಂದೆ ಯಾರೋ ಬಲೆ ಒದರ್ತಾ ನಗ್ತಿದ್ದರು.

"ಓಹೋ, ನಮ್ಮ ಮಗಳು! ಏನವ್ವಾ, ಸಹಿ ಆಯ್ತಾ? ಇಲ್ಲಿ ಎಲ್ಲರೂ ಅದನ್ನೇ ಮಾತಾಡ್ಕೋತಾ ಕೂತಿದೀವಿ."

"ತಾತಾ, ಒಂದು ಮಾತು ಹೇಳ್ಬೇಕಿತ್ತು."

"ಅದಕ್ಕೇನು, ಹೇಳು. ನೀನು ಹೇಳಿದ್ದಕ್ಕೆ ನಾವು ಯಾವತ್ತಾದ್ರೂ ಇಲ್ಲ ಅಂದಿದೀವಾ?"