ಕಂಬದ ಮೇಲಿನ ಒದ್ದೆ ಗೆರೆ

ಆ ಗೆರೆ ಇವತ್ತೂ ಅಲ್ಲೇ ಇದೆ, ಕಂಬದ ಬುಡದಿಂದ ಒಂದು ಮೊಳ ಮೇಲೆ, ಗೆರೆಯ ಕೆಳಗೆ ಕಪ್ಪು ಒದ್ದೆ, ಮೇಲೆ ಒಣ ಮರ, ಈ ಕಂಪ್ಯೂಟರ್ ಆಟ ಮಾಡಿದವರಲ್ಲಿ ಯಾರೋ ಪುಣ್ಯಾತ್ಮ ಕೂತು ಇಷ್ಟು ಚೆಂದ ಬಣ್ಣ ಬಳಿದಿದ್ದಾನೆ, ಆದರೆ ಅವನ ಸಮುದ್ರ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಹಾಗಾದರೆ ಈ ಕಂಬವನ್ನು ಒದ್ದೆ ಮಾಡಿದ್ದು ಯಾರು — ಈ ಒಂದು ಪ್ರಶ್ನೆಯಿಂದಲೇ ನನ್ನ ತಲೆ ಕೆಟ್ಟಿದ್ದು, ಬೇರೆಯವರೆಲ್ಲ ಈ ಆಟದಲ್ಲಿ ಹಿಮದ ಬೆಟ್ಟ ಹತ್ತುತ್ತಾರೆ, ಡ್ರ್ಯಾಗನ್ ಕೊಲ್ಲುತ್ತಾರೆ, ರಾಜನ ಹತ್ತಿರ ಕತ್ತಿ ಇನಾಮು ತೆಗೆದುಕೊಳ್ಳುತ್ತಾರೆ, ನಾನು ಬಂದರಿನ ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತೇನೆ, ಹಿಂದಿನಿಂದ ಡ್ರ್ಯಾಗನ್ ಬಂದು ಸುಟ್ಟು ಹೋಗುತ್ತದೆ, ಹನ್ನೊಂದು ಸಲ ಸತ್ತಿದ್ದೇನೆ, ಕೋಡಿ ಊರಿನ ಶ್ರೀಲತಾ ಎಂಬ ವೀರವನಿತೆ ನೀರಿನ ಮಟ್ಟ ನೋಡುತ್ತಾ ತೀರಿಕೊಂಡಳು ಅಂತ ಕಲ್ಲಿನಲ್ಲಿ ಕೆತ್ತಿಸಬೇಕು. ಜೂನ್ ಜುಲೈ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಬೋಟು ಇಳಿಯದಿದ್ದರೆ ಐಸು ಯಾರಿಗೆ ಬೇಕು, ನಾನು ಕೆಲಸ ಮಾಡುವ ಐಸ್ ಪ್ಲಾಂಟಿನ ಆಫೀಸಿಗೆ ಬೀಗ, ಹಾಗಾಗಿ ಹಗಲೆಲ್ಲ ನಾನು ಈ ಕುರ್ಚಿಯಲ್ಲಿ, ಆಟದವರು ಕೊಡದೆ ಬಿಟ್ಟದ್ದನ್ನು ಆಡುವವರೇ ಬರೆದು ಸೇರಿಸುತ್ತಾರಲ್ಲ, ಮಾಡ್ ಅನ್ನುತ್ತಾರೆ, ಒಬ್ಬ ಮಳೆ ಹಾಕಿದ್ದಾನೆ, ಒಬ್ಬ ಕುದುರೆಗೆ ಜಡೆ ಹಾಕಿದ್ದಾನೆ, ಒಬ್ಬ ಡ್ರ್ಯಾಗನ್ನಿಗೆ ಎಮ್ಮೆಯ ದನಿ ಕೊಟ್ಟಿದ್ದಾನೆ, ನಾನು ಮೊದಲು ಹಾಕಿದ್ದು ಬಂಗುಡೆ, ಅಲ್ಲಿನ ಸಂತೆಯಲ್ಲಿ ಗುಲಾಬಿ ಬಣ್ಣದ ಏನೋ ಮೀನು ಇಟ್ಟಿದ್ದರು, ತೆಗೆದು ಬಂಗುಡೆಯ ಚಿತ್ರ ಹೊದಿಸಿದೆ, ಅಮ್ಮ ಕೋಟೇಶ್ವರದಲ್ಲಿ ಒಣಮೀನು ಮಾರಿ ಬಂದವಳು ಬುಟ್ಟಿ ಇಳಿಸಿ ಪರದೆಯ ಮೀನಂಗಡಿಯವಳನ್ನು ನೋಡಿ ಅಂದಳು, ಆ ಹೆಂಗ್ಸ್ ಐಸ್ ಇಲ್ದೆ ಬಿಸಿಲಂಗೆ ಇಟ್ಕಂಡ್ ಕೂಕಂಡಿದ್ಲಲೆ, ಯಾರ್ ತಕಂತ್ರ್ ಅದನ್ನ. ಐಸ್ ಹಾಕುವ ಮಾಡ್ ಇನ್ನೂ ಯಾರೂ ಬರೆದಿಲ್ಲ, ನಾನೇ ಬರೆಯಬೇಕೋ ಏನೋ.

ಆದರೆ ಸಮುದ್ರವನ್ನು ಏರಿಸುವುದು ಬಂಗುಡೆಯಷ್ಟು ಸುಲಭ ಅಲ್ಲ, ಇಡೀ ಆಟದ ನೀರಿಗೆ ಒಂದೇ ಮಟ್ಟ, ಆಗದ ಕೆಲಸ ಬಿಡು ಅಂತ ಎಲ್ಲಿಯೋ ಇರುವ ಮಹಾನುಭಾವನೊಬ್ಬ ಇಂಟರ್ನೆಟ್ಟಿನಲ್ಲಿ ಬರೆದುಬಿಟ್ಟ, ಬಿಡು ಅಂದರೆ ಬಿಡುವ ಜಾತಕ ಅಲ್ಲ ನನ್ನದು, ಬಂದರಿಗೆ ಮಾತ್ರ ಬೇರೆಯೇ ಒಂದು ನೀರಿನ ಹಾಳೆ ಹಾಸಿ, ಅದು ಹೊತ್ತಿಗೆ ಸರಿಯಾಗಿ ಮೇಲೆ ಕೆಳಗೆ ಆಗುವ ಹಾಗೆ ಬರೆದೆ, ಬೇರೆ ಮಾಡ್‌ಗಳ ಜೊತೆ ಜಗಳ ಆಡಿ ಆಟ ಇಪ್ಪತ್ತು ಸಲ ಮುಗ್ಗರಿಸಿತು, ಯಾವುದು ಮೊದಲು ಯಾವುದು ಆಮೇಲೆ ಅಂತ ಸಾಲು ಹಚ್ಚುವುದರಲ್ಲಿ ವಾರ ಹೋಯಿತು, ಕೊನೆಗೂ ನೀರು ಏರಿದ ದಿನ ನಾನು ಖುಷಿಯಲ್ಲಿ ಕುರ್ಚಿ ತಟ್ಟುತ್ತಿದ್ದೆ, ಅಪ್ಪಯ್ಯ ಚಾ ಲೋಟ ಹಿಡಿದು ಹಿಂದಿನಿಂದ ಹೋಗುತ್ತಿದ್ದವರು ಪರದೆ ನೋಡಿ ನಿಂತರು, ಆಕಾಶದಂಗೆ ಅರ್ಧ ಚಂದ್ರ ಇತ್ತ್, ಅಷ್ಟಮಿಗ್ ಅಷ್ಟ್ ನೀರ್ ಏರುದಿಲ್ಲೆ. ಅಷ್ಟೇ ಹೇಳಿ ಹೋದರು. ನಾನು ಅಲ್ಲಾಡಲಿಲ್ಲ, ಅಲ್ಲಾಡಿದರೆ ಆ ಮಾತು ಹಾರಿ ಹೋಗುತ್ತದೆ ಅನ್ನಿಸಿತು, ಯಾಕೆಂದರೆ ಅಪ್ಪಯ್ಯ ನೀರಿನ ಬಗ್ಗೆ ಬಾಯಿ ಬಿಟ್ಟು ಒಂದು ವರ್ಷ ಮೇಲಾಗಿತ್ತು, ಮೊದಲು ಹೀಗಿತ್ತೇ, ಬೆಳಗಾದರೆ ಬೇಲಿಯ ದಣಪೆಯ ಹತ್ತಿರದಿಂದ ಒಬ್ಬರಲ್ಲ ಒಬ್ಬರು ಕೂಗುತ್ತಿದ್ದರು, ಹ್ವಾಯ್ ನಾಗಣ್ಣ, ನಾಳಿಗ್ ನೀರ್ ಏರುದ್ ಯಾವಾಗ, ಅಪ್ಪಯ್ಯ ಬೆರಳು ಮಡಚಿ ತಿಥಿ ಎಣಿಸಿ ಹೇಳಿದರೆ ಮುಗಿಯಿತು, ಗಡಿಯಾರ ತಪ್ಪಬಹುದು ಅಪ್ಪಯ್ಯ ತಪ್ಪುವುದಿಲ್ಲ, ಆಮೇಲೆ ಆ ಒಂದು ದಿನ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸಿದ್ದು ಯಾರಿಗೆ ಗೊತ್ತಿತ್ತು, ಇನ್ನೂ ನೀರ್ ಇತ್ತ್, ದೋಣಿ ಹೊಡಿ ಅಂದಿದ್ದರಂತೆ ಅಪ್ಪಯ್ಯ, ದೋಣಿ ದಿಬ್ಬಕ್ಕೆ ತಾಗಿ ಮಗುಚಿತು, ಎಲ್ಲರೂ ಈಜಿ ಬಂದರು, ಆದರೆ ಕುಷ್ಟಣ್ಣನ ಎಡಗೈಯ ಎರಡು ಬೆರಳು ಹಗ್ಗಕ್ಕೂ ದೋಣಿಯ ಅಂಚಿಗೂ ಸಿಕ್ಕಿ ಹೋದವು, ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ಅಪ್ಪಯ್ಯನ ಎದುರು ಕೂತ ಕುಷ್ಟಣ್ಣ. ಕುಷ್ಟಣ್ಣ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ಎಂದಿನಂತೆ ಕೂಗಿದ, ಹ್ವಾಯ್ ನಾಗಣ್ಣ, ನಾಳಿಗ್ ನೀರ್ ಯಾವಾಗ, ಅಪ್ಪಯ್ಯ ಒಳಗಿನಿಂದಲೇ, ನನ್ನತ್ರ ಎಂತಕ್ಕ್ ಕೇಂತೆ, ಮೊಬೈಲಂಗ್ ಕಾಣ್. ಆವತ್ತಿನಿಂದ ಜಗಲಿಯಲ್ಲಿ ಕಡಲಿಗೆ ಬೆನ್ನು ಹಾಕಿ ಕೂತು ಬೇರೆಯವರ ಬಲೆ ರಿಪೇರಿ ಮಾಡುತ್ತಾರೆ, ಅಂಗಡಿಗೆ ಹೋಗಲೂ ಹೊಳೆಯ ಬದಿ ಬಿಟ್ಟು ಒಳದಾರಿ ಹಿಡಿಯುತ್ತಾರೆ, ಕುಷ್ಟಣ್ಣ ಈಗಲೂ ವಾರಕ್ಕೊಮ್ಮೆ ಬಂದು ಕೂಗುತ್ತಾನೆ, ಅಪ್ಪಯ್ಯ ಬಲೆಯ ಗಂಟು ಬಿಗಿಯುತ್ತಾರೆ, ಅವನು ನನ್ನ ಹತ್ತಿರ ಚಾ ಕುಡಿದು ಹೋಗುತ್ತಾನೆ.

ಅದಕ್ಕೇ ಅಷ್ಟಮಿಯನ್ನು ಸರಿಮಾಡಿದೆ, ಅವರು ತಿದ್ದಲಿಕ್ಕಾದರೂ ಬಾಯಿ ಬಿಡಲಿ ಅಂತ ಇನ್ನೊಂದನ್ನು ಬೇಕೆಂದೇ ತಪ್ಪು ಮಾಡಿಟ್ಟೆ, ಕಳ್ಳಿ ನಾನು, ಮಾರನೆಯ ದಿನ ಚಾ ಹೊತ್ತಿಗೆ ಸರಿಯಾಗಿ ದಿನವೂ ಹತ್ತು ಗಂಟೆಗೇ ನೀರು ಏರುವ ಹಾಗೆ ಇಟ್ಟು, ಆಟದ ದಿನಗಳನ್ನು ಒಂದರ ಹಿಂದೆ ಒಂದು ಓಡಿಸುತ್ತಾ ಕೂತೆ, ಬೆನ್ನ ಹಿಂದೆ ಲೋಟದಲ್ಲಿ ಚಾ ಹೀರುವ ಸದ್ದು, ಆಮೇಲೆ ತಡೆಯಲಾರದೆ, ದಿನಾ ಒಂದೇ ಹೊತ್ತಿಗ್ ಬಪ್ಪುಕೆ ನೀರ್ ಅಂದ್ರೆ ಬಸ್ಸಾ, ದಿನಕ್ಕ್ ಎರಡ್ ಗಳಿಗಿ ತಡ ಆಯ್ಕ್. ಅದರ ಮಾರನೆಯ ದಿನ ದೋಣಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿಟ್ಟೆ, ಅಯ್ಯೋ, ಇಳಿತಕ್ಕೆ ದೋಣಿ ನೇತಾಡ್ತ್ ಹೆಣೆ, ಹಗ್ಗ ಬಿಡ್, ಹೆಣೆ ಅಂದರೆ ಹುಡುಗೀ ಅಂತ, ಕೋಪಕ್ಕೂ ಅದೇ ಪ್ರೀತಿಗೂ ಅದೇ. ಒಂದು ದಿನ ಆಕಾಶ ತೋರಿಸಿದೆ, ಆ ಲೋಕಕ್ಕೆ ಎರಡು ಚಂದ್ರ, ಸಣ್ಣದು ಅವರ ಕಣ್ಣಿಗೆ ಬಿದ್ದದ್ದು ಆವತ್ತೇ, ಅಪ್ಪಯ್ಯ ಮುಖ ಗಂಟಿಕ್ಕಿ, ಎರಡ್ ಚಂದ್ರ ಇಪ್ಪಲ್ಲಿ ಯಾವ್ದರ ಲೆಕ್ಕ ಹಿಡುದ್, ಎರಡು ದಿನ ಬಲೆಯ ಮೇಲೆ ಕಣ್ಣಿಟ್ಟು ಅದನ್ನೇ ಯೋಚಿಸಿರಬೇಕು, ಮೂರನೆಯ ದಿನ ಕುರ್ಚಿಯ ಹಿಂದೆ ಬಂದು ತೀರ್ಪು, ದೊಡ್ಡದ್ರದ್ದೇ ಹಿಡಿ, ಸಣ್ಣದ್ ಬರೀ ಚೆಂದಕ್ಕೆ. ನನಗೆ ನಗು ಬಂತು, ಅಳುವೂ ಬಂತು, ಆ ದನಿ ಹಳೆಯ ನಾಗಣ್ಣನದು. ಅವರಿಗೆ ಡ್ರ್ಯಾಗನ್ ಕಣ್ಣಿಗೇ ಬೀಳುವುದಿಲ್ಲ, ಬಂದರಿಗೆ ಬೆಂಕಿ ಬಿದ್ದರೂ ಅವರು ಕಂಬ ನೋಡುತ್ತಾರೆ, ನನಗೆ ಬೇಕಿದ್ದದ್ದೂ ಅಷ್ಟೇ, ಡ್ರ್ಯಾಗನ್ ಬೇಡ, ಕತ್ತಿ ಬೇಡ, ಅಪ್ಪಯ್ಯ ಮತ್ತೆ ನೀರಿನ ಹತ್ತಿರ ಹೋಗಬೇಕು, ಬೆರಳು ಮಡಚಿ ಕುಷ್ಟಣ್ಣನಿಗೆ ಹೊತ್ತು ಹೇಳಬೇಕು. ಆದರೆ ತಪ್ಪುಗಳು ಮುಗಿದು ಹೋದವು, ಎಲ್ಲ ಸರಿಯಾಗಿಬಿಟ್ಟಿತು, ಸರಿಯಾದರೆ ಅವರಿಗೆ ನನ್ನ ಕುರ್ಚಿಯ ಹಿಂದೆ ಏನು ಕೆಲಸ, ಅದೇ ಹೆದರಿಕೆಗೆ ಆಚೆಮೊನ್ನೆ ಒಂದು ನಿಜವಾದ ಪ್ರಶ್ನೆ ಕೇಳಿಬಿಟ್ಟೆ, ಅಪ್ಪಯ್ಯ, ಅಷ್ಟಮಿ ದಿನ ನಮ್ಮ ಹೊಳಿಯ ದೋಣಿ ಕಟ್ಟು ಕಂಬದಂಗೆ ನೀರ್ ಎಷ್ಟ್ ಏರತ್ತ್, ಸಮಾ ಹೇಳಿ, ಅವರು ಲೋಟ ಕೆಳಗಿಟ್ಟರು, ಮುಂಚಿನ್ ಲೆಕ್ಕ ಈಗ ಆತಿಲ್ಲೆ, ಮರಳ್ ಎಲ್ಲ ಅತ್ಲಾಗ್ ಹೋಯ್ತ್, ಕಾಣ್ದೆ ಹೇಳುಕಾತಿಲ್ಲೆ. ಹೊರಗೆ ಹೋದವರು ಮೂರು ದಿನದಿಂದ ಈ ಕೋಣೆಗೆ ಬಂದಿಲ್ಲ.

ಹಾಳು ಬಾಯಿ ನನ್ನದು, ದಿಬ್ಬದ ನೆನಪು ತೆಗೆದೆನಲ್ಲ, ಗಾಯ ಮಾಯುತ್ತಾ ಬಂದಿತ್ತು, ಉಗುರು ಹಾಕಿದೆ. ಇವತ್ತು ಹೊಳೆಗಿಳೆ ಎಲ್ಲ ಬಿಟ್ಟು ಬಾಯಿಗೆ ಬಂದ ಒಂದು ಅಂಕಿ ಹಾಕಿದ್ದೇನೆ, ಎಂಟು ಅಡಿ, ಶುದ್ಧ ಸುಳ್ಳು, ಬಂದರಿನ ಅರ್ಧ ಮನೆ ಮುಳುಗುತ್ತದೆ, ಬೈಯಲಿಕ್ಕಾದರೂ ಬರಲಿ ಅಂತ, ಚಾ ಎರಡು ಸಲ ಆಯಿತು, ಲೋಟ ಅಲ್ಲೇ ತಣ್ಣಗಾಗಿದೆ. ಅಮ್ಮ ಬಂದಳು, ಬುಟ್ಟಿಯಲ್ಲಿ ಒಣಮೀನು ಎರಡು ಕಟ್ಟು ಉಳಿದಿದೆ, ಅಪ್ಪಯ್ಯ ಎಲ್ಲ್ ಹೆಣೆ ಅಂದಳು, ಜಗಲಿಯಂಗೆ ಇಲ್ಯಾ ಅಂದೆ, ಎದ್ದು ನೋಡಿದರೆ ಜಗಲಿಯಲ್ಲಿ ಬಲೆ ಮಾತ್ರ ಇದೆ, ಬಲೆಯ ಒಂದು ಕಣ್ಣಿಗೆ ಸೂಜಿ ಅರ್ಧ ಚುಚ್ಚಿದ ಹಾಗೇ ಇದೆ, ಹನ್ನೊಂದು ಗಂಟೆಗೆ ಗಂಜಿ ಉಂಡು ಎದ್ದವರು, ಈಗ ಐದೂವರೆ, ಎಲ್ಲಿ ಹೋಗುತ್ತಾರೆ ಅವರು, ಹೋಗುವ ಜಾಗ ಯಾವುದಿದೆ, ಚಪ್ಪಲಿ ಮೆಟ್ಟಿಲ ಮೇಲೇ ಇದೆ — ಬರಿಗಾಲಲ್ಲಿ — ಹೊರಗೆ ಓಡಲು ಹೊರಟವಳ ಕಣ್ಣು ಬಾಗಿಲ ಪಕ್ಕದ ಕ್ಯಾಲೆಂಡರಿನ ಮೇಲೆ ಬಿತ್ತು, ಇವತ್ತಿನ ಚೌಕ, ಸಣ್ಣ ಅಕ್ಷರ, ಅಷ್ಟಮಿ. ಎರಡು ದಿನದಿಂದ ಮಳೆ ಬಿಟ್ಟು ಹೊಳವಾಗಿದೆ, ಅಂಗಳ ಒಣಗಿದೆ, ಒಣಗಿದ ಅಂಗಳದಲ್ಲಿ ಪಚಕ್ ಪಚಕ್ ಅಂತ ಕಾಲಿನ ಸದ್ದು, ಹಿಂದೆ ಇನ್ನೊಬ್ಬರದು, ಕುಷ್ಟಣ್ಣನ ದನಿ, ಹನ್ನೊಂದ್ ಗಂಟಿಯಿಂದ ಹೊಳಿ ಕಂಬದತ್ರ ನಿಲ್ಸಿ ಗಡಿಯಾರ ಕಾಣುಕೆ ಹೇಳಿರ್ ನಿನ್ನ ಅಪ್ಪಯ್ಯ, ನಂಗೆ ಹಸ್ವಾಯ್ತ್ ಮಾರಾಯ್ತಿ, ಅವನ ಮೂರು ಬೆರಳಿನ ಕೈ ಅಪ್ಪಯ್ಯನ ಹೆಗಲ ಮೇಲೆ, ಅಪ್ಪಯ್ಯ ನೇರ ಒಳಗೆ ಬಂದು ಕುರ್ಚಿಯ ಪಕ್ಕ ನಿಂತರು, ಪರದೆಯ ಕಡೆ ನೋಡಲೇ ಇಲ್ಲ, ಬಗ್ಗಿ ಕಣಕಾಲಿನ ಮೇಲೆ ಒಂದು ಕೈ ಇಟ್ಟರು, ಇಳಿತಕ್ಕೆ ಇಲ್ಲಿ, ಇನ್ನೊಂದು ಕೈ ಮೊಣಕಾಲಿನ ಮೇಲೆ, ಈಗ ಇಲ್ಲಿ, ಎರಡ್ ಗೇಣ್ ನಾಲ್ಕ್ ಬೆರಳ್, ಬರ್ಕೋ ಹೆಣೆ. ಬರೆದುಕೊಳ್ಳಬೇಕು, ಎಂಟು ಅಡಿ ಅಳಿಸಬೇಕು, ಕಣ್ಣು ಮಾತ್ರ ಅಪ್ಪಯ್ಯನ ಲುಂಗಿಯ ಮೇಲೆ, ಮೊಣಕಾಲಿನಿಂದ ಒಂದು ಗೆಣ್ಣು ಮೇಲೆ, ಕೆಳಗೆ ಒದ್ದೆ, ಮೇಲೆ ಒಣ, ಆ ಗೆರೆ, ನೀರು ತಾನೇ ಎಳೆದ ಗೆರೆ, ಒದ್ದೆ ಗೆರೆ —