ಬಾಣದ ಗುರುತಿನ ಕೆಳಗೆ

"ನಗ್ತಾ ಇದೀಯಾ, ಬೋಳೀಮಗನೇ? ನಗೋಕ್ಕಾ ನಿನ್ನ ಇಲ್ಲಿ ನಿಲ್ಸಿರೋದು? ನಡುಗೋ! ಬೆನ್ನು ಬಗ್ಗಿಸಿ ನಡುಗು!"

ಸಾಹುಕಾರ ಅಂಗಡಿಯ ಮೆಟ್ಟಿಲ ಮೇಲಿಂದ ಕೂಗಿದ. ಕಾವಲುಗಾರ ಎರಡನೆಯ ಬಕೆಟ್ ನೀರನ್ನು ಮುದುಕನ ತಲೆಗೆ ಸುರಿದ. ಮಳೆಗಾಲದಲ್ಲೂ ಒಂದೊಂದು ದಿನ ಮಳೆ ಕೈಕೊಡುವುದುಂಟು. ಸಾಹುಕಾರ ಮಾತ್ರ ಕೈಕೊಡುತ್ತಿರಲಿಲ್ಲ.

ಮುದುಕನ ಕೆಲಸ ನೆನೆಯುವುದು. ಬೀದಿಯವರು ಅವನನ್ನು ಒದ್ದೆಯಣ್ಣ ಎನ್ನುತ್ತಿದ್ದರು. ಮೊದಲು ಅದೇ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಹೋದ ಮೇಲೆ ಸಾಹುಕಾರ ಅವನನ್ನು ಓಡಿಸದೆ ಜಾಹೀರಾತು ಮಾಡಿಕೊಂಡ. ಬಾಗಿಲ ಪಕ್ಕ ಒಂದು ಹಲಗೆ: ‘ಛತ್ರಿ ಕೊಳ್ಳದವನ ಪಾಡು ನೋಡಿರಿ!’ ಅಲ್ಲಿಂದ ಕೆಂಪು ಬಾಣದ ಗುರುತೊಂದು ಕೆಳಗಿಳಿದು ಸೀದಾ ಅವನ ನೆತ್ತಿಗೆ. ಓದು ಬಾರದ ಒದ್ದೆಯಣ್ಣ ಮೊದಲ ಒಂದು ತಿಂಗಳು ಅದು ತನ್ನ ಹೆಸರೇ ಇರಬೇಕೆಂದು ಎದೆಯುಬ್ಬಿಸಿ ನಿಂತಿದ್ದ. "ಎದೆ ಯಾಕೋ ಉಬ್ಬಿಸ್ತೀಯಾ, ಹೆಣವೇ?" ಎಂದು ಬೈಸಿಕೊಂಡ ಮೇಲೆ ಅರ್ಥವಾಯಿತು.

ಬೇಸಿಗೆಯಲ್ಲಿ ಫ್ಯಾನಿನ ಮಾರಾಟ. ಆಗ ಕಂಬಳಿ ಹೊದ್ದು ಬಿಸಿಲಲ್ಲಿ ಬೆವರಬೇಕು. ಚಳಿಗಾಲದಲ್ಲಿ ಕಂಬಳಿಯ ಮಾರಾಟ. ಆಗ ಅದೇ ಕಂಬಳಿ ಕಿತ್ತುಕೊಂಡು ಬರಿಮೈಯಲ್ಲಿ ನಿಲ್ಲಿಸುತ್ತಿದ್ದರು. ರಜೆ ಬಂತೆಂದರೆ ಹೊಸ ಸೂಟ್‌ಕೇಸುಗಳ ನಡುವೆ ಹರಿದ ಪೆಟ್ಟಿಗೆ ಹಿಡಿದು, ಒಳಚಡ್ಡಿ ನೆಲಕ್ಕೆ ಬೀಳಿಸಿಕೊಂಡು, ರೈಲು ತಪ್ಪಿದವನ ಮುಖ ಮಾಡಬೇಕು.

"ಚಳಿ ನನ್ನ ಕೇಳೇ ಶುರುವಾಗೋದು ಕಣ್ರಯ್ಯಾ. ಅಷ್ಟು ದೊಡ್ಡ ಮನುಷ್ಯ ನಾನು" ಎಂದು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ಸಾಹುಕಾರನಿಗೆ ಖುಷಿ.

ಆ ಸಂಜೆ ಸಾಹುಕಾರ ಅವನನ್ನು ಒಳಗೆ ಕರೆದ. ಒದ್ದೆ ಕಾಲಲ್ಲಿ ಒಳಗೆ ಬರಬಾರದೆಂದು ಮತ್ತೆ ಹೊಸ್ತಿಲಾಚೆ ನಿಲ್ಲಿಸಿದ.

"ಮಳೆಗಾಲ ಮುಗೀತಾ ಬಂತು, ಮಾಲು ಹಾಗೇ ಬಿದ್ದಿದೆ. ನಾಳಿದ್ದಿಂದ ರಜಾ, ಸಂಸಾರದೋರು ಪೇಟೆಗೆ ಬರ್ತಾರೆ. ನಿನ್ನ ಹೆಂಡ್ತೀನ ಕರ್ಕೊಂಡು ಬಾ."

"ಯಾಕೆ ಬುದ್ಧಿ?"

"ನೆನೆಯೋಕೆ ಕಣೋ. ಮುದುಕ ನೆನೆದ್ರೆ ಜನ ನೋಡ್ಕೊಂಡು ಹೋಗ್ತಾರೆ. ಹೆಂಗಸು ನೆನೆದ್ರೆ ನಿಂತು ನೋಡ್ತಾರೆ. ನಿಂತೋರು ಕೊಳ್ತಾರೆ. ಇನ್ನೂ ಗಟ್ಟಿಮುಟ್ಟಾಗಿದಾಳಲ್ಲ, ತೆಳ್ಳಗಿರೋ ಬಟ್ಟೆ ಉಡ್ಸು. ಅವಳು ಬರಲ್ಲ ಅಂದ್ರೆ ನೀನೂ ಬರಬೇಡ."

"ಆಗಲಿ ಬುದ್ಧಿ" ಎಂದಿತು ಒದ್ದೆಯಣ್ಣನ ಬಾಯಿ.

ಮನೆಯಲ್ಲಿ ಹೆಂಡತಿ ಅವನ ಅಂಗಿಯನ್ನು ಒಲೆಯ ಮೇಲೆ ಹಿಡಿದು ಒಣಗಿಸುತ್ತಿದ್ದಳು. ಇರುವುದೇ ಎರಡು ಅಂಗಿ. ಒಂದು ಮೈಮೇಲೆ ನೆನೆಯುವಾಗ ಇನ್ನೊಂದು ಒಲೆಯ ಮೇಲೆ ಹೊಗೆ ಕುಡಿಯುತ್ತಿತ್ತು.

"ಏ ಇವಳೇ, ನಿನಗೂ ಕೆಲಸ ಸಿಕ್ತು. ನೆನೆಯೋದು" ಎಂದ, ತಮಾಷೆಯಂತೆ. ಉಳಿದದ್ದನ್ನು ಒಲೆಯ ಕಡೆ ನೋಡುತ್ತ ಹೇಳಿದ, ತೆಳ್ಳನೆಯ ಬಟ್ಟೆಯವರೆಗೆ.

"ನೀನೇನಂದೆ?"

"ಆಗಲಿ ಬುದ್ಧಿ ಅಂದೆ."

"ಥೂ! ಅದಕ್ಕೂ ಬುದ್ಧಿ ಅಂದ್ಯಾ?"

"ಅಭ್ಯಾಸ ಕಣೇ. ಸೀನು ಬಂದ್ರೂ ಆಗಲಿ ಬುದ್ಧಿ ಅಂತಾನೇ ಬರುತ್ತೆ."

ಅವಳು ನಗಲಿಲ್ಲ. ಅಂಗಿಯನ್ನು ಮಗುಚಿ ಹಿಡಿದಳು. "ಈ ಮಳೇಲಿ ಅಂಗಡಿಗೆ ಛತ್ರಿ ಹೇಗಯ್ಯಾ ಬರ್ತಾವೆ?"

"ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ. ಛತ್ರಿ ನೆನೆಯಬಾರದಲ್ಲ, ಪಾಪ."

"ಆ ಚೀಲ ಏನ್ ಮಾಡ್ತಾರೆ?"

"ಹಿತ್ತಲಿಗೆ ಎಸೀತಾರೆ."

"ಸರಿ. ಬರ್ತೀನಿ."

ಒದ್ದೆಯಣ್ಣ ಕಾದಿದ್ದ ಉತ್ತರ ಅದಲ್ಲ. ಆಗೋದಿಲ್ಲ ಎಂದು ಅವಳು ಕಿರುಚಿದ್ದರೆ ಆ ಮಾತನ್ನೇ ಹೊತ್ತುಕೊಂಡು ಹೋಗಿ ಸಾಹುಕಾರನ ಮುಂದೆ ಇಳಿಸಬಹುದಿತ್ತು. ಸ್ವಂತಕ್ಕೆ ಒಂದು ‘ಇಲ್ಲ’ ಇಲ್ಲದವನು ಹೆಂಡತಿಯ ‘ಇಲ್ಲ’ವನ್ನು ಕೇಳಿ ಪಡೆಯಲು ಬಂದಿದ್ದ. ಅದೂ ದಕ್ಕಲಿಲ್ಲ. ಶಭಾಷ್, ಎಂಥ ಗಂಡಸು, ಎಂದು ತನಗೇ ಹೇಳಿಕೊಂಡು ಹಸಿ ಚಾಪೆಯ ಮೇಲೆ ಮುದುಡಿದ.

ರಜೆಯ ಮೊದಲ ದಿನ ನಿಜವಾದ ಮಳೆಯೇ ಬಂತು. ಎದುರು ಸೂರಿನಡಿ ಜನ ಒತ್ತಿಕೊಂಡು ನಿಂತಿದ್ದರು. ಅವಳು ದಪ್ಪ ಬಟ್ಟೆಯನ್ನೇ ಉಟ್ಟು ಬಂದಳು. ನೇರ ಹಿತ್ತಲಿಗೆ ಹೋಗಿ ಎರಡು ಚೀಲ ತಂದು, ಒಂದರ ತಳದ ಮೂಲೆಯನ್ನು ಅದರದೇ ಇನ್ನೊಂದು ಮೂಲೆಯೊಳಗೆ ತುರುಕಿ, ಕೊಪ್ಪೆಯಂತೆ ಗಂಡನ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟಳು. ಇನ್ನೊಂದನ್ನೂ ಹಾಗೇ ಮಡಚಿ ತಾನು ಹಾಕಿಕೊಂಡು ಬಾಣದ ಕೆಳಗೆ ಅವನ ಪಕ್ಕ ನಿಂತಳು. ಮಳೆ ಚೀಲದ ಮೇಲೆ ಪಟಪಟ ಬಡಿದು ಜಾರಿ ಹೋಯಿತು.

ಎದುರಿನವರು ಹಲಗೆ ಓದಿದರು, ಇವರನ್ನು ನೋಡಿದರು, ನಗತೊಡಗಿದರು. ಇಟ್ಟಿಗೆ ಹೊರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೂಗಿದಳು: "ಅಕ್ಕಾ, ಅದು ಹೇಗೆ ಮಡಚೋದು?"

"ಮೂಲೆ ಒಳಗೆ ತುರುಕೇ, ಅಷ್ಟೇ. ಹಿತ್ತಲಲ್ಲಿ ರಾಶಿ ಬಿದ್ದಿದೆ, ಬಾ!"

ಸಾಹುಕಾರ ಬರಿತಲೆಯಲ್ಲೇ ಬೀದಿಗೆ ಹಾರಿ ಇವರ ಮೈಮೇಲೇ ಬಂದ. "ತೆಗೀರೋ ಅದನ್ನ, ದರಿದ್ರಗಳಾ! ನೆನೀರಿ! ಲೋ, ತೆಗೀತೀಯೋ ಇಲ್ವೋ?"

ಒದ್ದೆಯಣ್ಣನ ಬಾಯಿ ತಾನಾಗಿ ತೆರೆಯಿತು. ‘ಆಗಲಿ ಬು...’ ಎನ್ನುವಷ್ಟರಲ್ಲಿ ಭಾರಿ ಸೀನೊಂದು ಬಂದು ಆ ಮಾತನ್ನು ಹೊತ್ತುಕೊಂಡು ಹೋಯಿತು. ಖಾಲಿಯಾದ ಬಾಯಲ್ಲಿ ಇನ್ನೊಂದು ಮಾತಿತ್ತು.

"ಇಲ್ಲ."

ಅಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಸಾಹುಕಾರನ ರೇಷ್ಮೆ ಅಂಗಿ ಹೊಟ್ಟೆಗೆ ಅಂಟಿಕೊಂಡಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆಯಣ್ಣ ಹೆಂಡತಿಯ ತೋಳು ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಬಾಣದ ಕೆಳಗೆ ಈಗ ಸಾಹುಕಾರ ಒಬ್ಬನೇ.

"ಬೆನ್ನು ಸ್ವಲ್ಪ ಬಗ್ಗಿಸಬೇಕು" ಎಂದ ಒದ್ದೆಯಣ್ಣ, ಕೆಲಸ ಬಲ್ಲವನಂತೆ. "ನಡುಗಬೇಕು. ಎದೆ ಉಬ್ಬಿಸಬಾರದು."